ಕಾರಿನ ತಳಕ್ಕೆ ಕೋಟಿಂಗ್ ಹೊಡೆಸುವ ಮುನ್ನ

ಹೊಸ ಕಾರಿನ ಬಿಲ್ಲಿನ ತುದಿಯಲ್ಲಿ ‘ಆಂಟಿ ರಸ್ಟ್ ಕೋಟಿಂಗ್’ ಅಂತ ಒಂದು ಸಾಲು ಕಂಡರೆ, ದುಡ್ಡು ಕಟ್ಟುವ ಮೊದಲು ಎರಡು ವಿಷಯ ಯೋಚಿಸಿ: ಕಾರು ಎಲ್ಲಿ ಓಡುತ್ತದೆ, ರಾತ್ರಿ ಎಲ್ಲಿ ನಿಲ್ಲುತ್ತದೆ?

ತುಕ್ಕಿಗೆ ನೀರು, ಗಾಳಿ ಎರಡೂ ಬೇಕು. ಉಪ್ಪು ಸೇರಿದರೆ ವೇಗ ಹೆಚ್ಚು. ಮಂಗಳೂರು, ಕಾರವಾರದ ಕಾರುಗಳ ತಳ ಬೇಗ ತಿಂದುಹೋಗುವುದು ಅದಕ್ಕೇ. ನಮ್ಮ ತುಮಕೂರಿನದು ಒಣ ಬಯಲುಸೀಮೆ. ಮೇಲಾಗಿ ಈಗಿನ ಕಾರುಗಳ ಬಾಡಿಯನ್ನು ಫ್ಯಾಕ್ಟರಿಯಲ್ಲೇ ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ ಹಾಯಿಸಿ ಸಂದುಗೊಂದಿಗೂ ಪದರ ಕೂರಿಸಿರುತ್ತಾರೆ. ಊರೊಳಗಿನ ಬಿ.ಎಚ್. ರಸ್ತೆಯಲ್ಲೂ ಬೆಂಗಳೂರು ಹೈವೇಯಲ್ಲೂ ಓಡಾಡಿಕೊಂಡಿರುವ ಹೊಸ ಕಾರಿಗೆ ಅಷ್ಟು ಸಾಕು ಎಂದೇ ನನ್ನ ಮಾತು.

ಗುಬ್ಬಿ, ತಿಪಟೂರಿನ ಕಡೆ ತೋಟದ ಮನೆಯಿದ್ದರೆ ಲೆಕ್ಕ ಬೇರೆ. ಜಲ್ಲಿ ಸಿಡಿದು ತಳದ ಬಣ್ಣ ಕಿತ್ತುಬರುತ್ತದೆ. ಕೊಟ್ಟಿಗೆಯ ಪಕ್ಕ ನಿಂತರೆ ಗಂಜಲದ ತೇವ. ಡಿಕ್ಕಿಯಲ್ಲಿ ಗೊಬ್ಬರ ತರುವವರಂತೂ ಎಚ್ಚರವಾಗಿರಬೇಕು: ತೆಂಗಿನ ಬುಡಕ್ಕೆ ಹಾಕುವ ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡ್, ಅಡುಗೆ ಉಪ್ಪಿನ ಹತ್ತಿರದ ನೆಂಟ. ಚೆಲ್ಲಿದ್ದು ಮ್ಯಾಟಿನ ಕೆಳಗೆ ಉಳಿದರೆ ತಗಡನ್ನು ಮೇಲಿನಿಂದಲೇ ತಿನ್ನುತ್ತದೆ. ಇಂಥ ಕಾರಿಗೆ ಕೋಟಿಂಗ್ ಹೊಡೆಸಿ.

ಕೆಲಸವನ್ನು ಮಾರ್ಚ್, ಏಪ್ರಿಲ್‌ನ ಬಿಸಿಲಿನಲ್ಲಿ ಇಟ್ಟುಕೊಳ್ಳಿ. ಮೊದಲು ಕಾರನ್ನು ರ್‍ಯಾಂಪಿಗೆ ಏರಿಸಿ, ಟಾರ್ಚ್ ಹಿಡಿದು ನೀವೇ ನೋಡಿ. ಚಕ್ರದ ಗೂಡು, ಜಾಕ್ ಕೊಡುವ ಅಂಚು, ಬೆಸುಗೆಯ ಸಾಲು: ತುಕ್ಕು ಶುರುವಾಗುವುದು ಇಲ್ಲೇ. ಪ್ರೆಶರ್ ನೀರಿನಲ್ಲಿ ತೊಳೆಸಿದ ಮೇಲೆ ಪೂರ್ತಿ ಒಣಗಲು ಬಿಡಿ. ಇಲ್ಲಿ ಅವಸರ ಬೇಡವೇ ಬೇಡ. ತೇವದ ಮೇಲೆ ಹೊಡೆದ ಕೋಟಿಂಗ್ ನೀರನ್ನು ಒಳಗೇ ಕೂಡಿಹಾಕುತ್ತದೆ. ಮೇಲೆ ಕಪ್ಪಗೆ ಚೆಂದ, ಒಳಗೆ ತುಕ್ಕು. ತುಕ್ಕಿನ ಕಲೆಯಿದ್ದರೆ ವೈರ್ ಬ್ರಷ್‌ನಲ್ಲಿ ಉಜ್ಜಿಸಿ, ಪ್ರೈಮರ್ ಹಾಕಿಸಿ, ಆಮೇಲೆ ಸ್ಪ್ರೇ.

ಸೈಲೆನ್ಸರ್, ಬ್ರೇಕ್, ಆಕ್ಸಲ್, ಅದರ ಕೀಲಿಗೆ ಹೊದಿಸಿದ ರಬ್ಬರ್ ಬೂಟು, ಸೆನ್ಸರ್ ವೈರುಗಳಿಗೆ ಟೇಪು, ಪೇಪರ್ ಮುಚ್ಚಿದ್ದಾರೆಯೇ ಎಂದು ನಿಂತು ನೋಡಿ. ನೀರು ಇಳಿಯುವ ತೂತುಗಳನ್ನು ಮರೆಯಬೇಡಿ. ನಮ್ಮ ಹಳೆಯ ಕಾರಿಗೆ ಕೋಟಿಂಗ್ ಹೊಡೆದವರು ಬಾಗಿಲ ಕೆಳಗಿನ ತೂತುಗಳನ್ನೂ ಮುಚ್ಚಿಬಿಟ್ಟಿದ್ದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲು ಒಳಗಿನಿಂದ ತಿಂದುಹೋಗಿತ್ತು. ಆ ಬಾಗಿಲು ನೆನೆದರೆ ಈಗಲೂ ಸಂಕಟವಾಗುತ್ತದೆ.

ಡಾಂಬರಿನಂಥ ಗಟ್ಟಿ ಲೇಪ ವರ್ಷಗಳಲ್ಲಿ ಬಿರುಕು ಬಿಡಬಹುದು. ಮೇಣದ ಲೇಪ ಮೆತ್ತಗಿದ್ದು ಸಂದುಗಳಿಗೆ ಇಳಿಯುತ್ತದೆ, ಆದರೆ ಆಗಾಗ ಮತ್ತೆ ಹೊಡೆಸಬೇಕು. ಜಲ್ಲಿ ರಸ್ತೆಗೆ ರಬ್ಬರ್ ಲೇಪ ಒಳ್ಳೆಯದು.

ಕೋಟಿಂಗ್ ಇರಲಿ, ಬಿಡಲಿ, ಮಳೆಗಾಲದಲ್ಲಿ ಚಕ್ರದ ಗೂಡಿಗೆ ಮೆತ್ತಿದ ಕೆಮ್ಮಣ್ಣನ್ನು ವಾರಕ್ಕೊಮ್ಮೆ ಪೈಪ್ ಹಿಡಿದು ಇಳಿಸಿ. ಶಿರಾಡಿ ಘಾಟಿ ಇಳಿದು ಕಡಲ ತೀರ ಸುತ್ತಿ ಬಂದಿದ್ದರೆ ಮರುದಿನವೇ ತಳ ತೊಳೆಸಿ.