ಹಳೆ ಕಾರಿನ ಬಟ್ಟೆ ಸೀಟು: ಕವರ್ ಬದಲಿಸುವ ಮೊದಲು ಇದನ್ನು ಮಾಡಿ ನೋಡಿ

ನಮ್ಮ ಮನೆಯಲ್ಲಿ 1989ರ ಪ್ರೀಮಿಯರ್ 118 ಎನ್‌ಇ ಇದೆ. ಫಿಯೆಟ್ 124ರ ಬಾಡಿ, ನಿಸಾನ್ ಎಂಜಿನ್. ಅಪ್ಪ ಕೊಂಡದ್ದು. ಪ್ರತಿ ಮೇ ತಿಂಗಳು ಮುಂಬೈ ಹತ್ತಿರದ ಡೊಂಬಿವಲಿಯಿಂದ ಪುಣೆ, ಕೊಲ್ಹಾಪುರ ದಾಟಿ ಹುಬ್ಬಳ್ಳಿಗೆ ನಾವೆಲ್ಲ ಅದರಲ್ಲೇ ಹೋಗುತ್ತಿದ್ದೆವು. ಎಂಜಿನ್ ಸಾಮಾನು ಹುಡುಕಿದರೆ ಹೇಗೋ ಸಿಗುತ್ತದೆ, ಆದರೆ ಆ ಬೂದು ಬಣ್ಣದ ಗೆರೆ ಬಟ್ಟೆ ನನಗೆ ಎಲ್ಲೂ ಸಿಕ್ಕಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಸೀಟು ಸವೆಯಿತು ಅಂತ ಓಡಿಹೋಗಿ ರೆಕ್ಸಿನ್ ಹಾಕಿಸಬೇಡಿ.

ಮೊದಲು ತೊಂದರೆ ಎಲ್ಲಿದೆ ನೋಡಿ. ಬಟ್ಟೆ ಹರಿದದ್ದು ಕಣ್ಣಿಗೆ ಕಾಣುತ್ತದೆ, ಆದರೆ ಬಹಳ ಸಲ ಮೊದಲು ಹಾಳಾಗುವುದು ಒಳಗಿನ ಫೋಮ್. ಫೋಮ್ ಕುಸಿದರೆ ಬಟ್ಟೆ ಸಡಿಲ ಆಗುತ್ತದೆ, ಕೂತಾಗಲೆಲ್ಲ ಒಂದೇ ಜಾಗದಲ್ಲಿ ಮಡಿಕೆ ಬೀಳುತ್ತದೆ, ಆ ಮಡಿಕೆಯಲ್ಲೇ ನೂಲು ಸವೆದು ಹೋಗುತ್ತದೆ. ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚನ್ನು ಒತ್ತಿ ನೋಡಿ. ಹತ್ತುವಾಗ ಇಳಿಯುವಾಗ ಮೈಭಾರವೆಲ್ಲ ಬೀಳುವುದು ಅಲ್ಲೇ ಅಲ್ವಾ? ಕೈಗೆ ಕಂಬಿ ತಾಗಿದರೆ, ಅಥವಾ ಸೀಟಿನ ಕೆಳಗೆ ಹಳದಿ ಪುಡಿ ಉದುರಿದ್ದರೆ ಫೋಮ್ ಮುಗಿದಿದೆ ಅಂತ ಅರ್ಥ. ಅದನ್ನು ಹಾಗೇ ಬಿಟ್ಟು ಮೇಲೆ ಎಂಥ ಬಟ್ಟೆ ಹಾಕಿದರೂ ಬಾಳಿಕೆ ಬರಲ್ಲ.

ಫೋಮ್ ಗಟ್ಟಿಯಾಗಿದ್ದು ಬಟ್ಟೆ ಬರೀ ಕೊಳಕಾಗಿದ್ದರೆ ತೊಳೆದರೆ ಸಾಕು. ಮೊದಲು ವ್ಯಾಕ್ಯೂಮ್, ಹೊಲಿಗೆಯ ಸಂದಿಗಳಿಗೆ ಮೆತ್ತನೆ ಬ್ರಷ್. ಆಮೇಲೆ ಉಗುರುಬೆಚ್ಚನೆ ನೀರಿಗೆ ಸ್ವಲ್ಪ ಶಾಂಪೂ ಹಾಕಿ ನೊರೆ ಮಾಡಿ, ಆ ನೊರೆಯನ್ನು ಮಾತ್ರ ಬಟ್ಟೆಗೆ ಹಚ್ಚಿ, ಬಿಳಿ ಬಟ್ಟೆಯಿಂದ ಒತ್ತಿ ಒತ್ತಿ ತೆಗೆಯಿರಿ. ಎಲ್ಲಾ ಕಡೆ ಹಚ್ಚುವ ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷೆ ಮಾಡಿ. ನೀರು ಸುರಿಯಲೇಬೇಡಿ. ನಾನು ಒಮ್ಮೆ ಜುಲೈನಲ್ಲಿ ಹಿಂದಿನ ಸೀಟನ್ನು ಬಕೆಟ್ ನೀರು ಹಾಕಿ ಉಜ್ಜಿದೆ. ಮೇಲೆ ಒಣಗಿದಂತೆ ಕಂಡಿತು, ಒಳಗೆ ಒಣಗಲೇ ಇಲ್ಲ. ವಾರದಲ್ಲಿ ಬೂಷ್ಟು ಬಂತು. ಮುಂಬೈ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ, ಡಿಸೆಂಬರ್‌ನಿಂದ ಮೇವರೆಗೆ ಮಾಡಿ, ಫ್ಯಾನ್ ಕೆಳಗೆ ಎರಡು ದಿನ ಬಿಡಿ.

ಬಿಚ್ಚಲೇಬೇಕು ಅಂತಾದರೆ ಹಿಂದಿನ ರಾತ್ರಿಯೇ ಸೀಟಿನ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಪ್ರತಿ ಹಂತಕ್ಕೂ ಫೋಟೋ ತೆಗೆಯಿರಿ. ಕವರ್ ಹಿಡಿದಿರುವ ಚಿಕ್ಕ ಕಂಬಿ ಉಂಗುರಗಳನ್ನು ಕಟಿಂಗ್ ಪ್ಲೈಯರ್‌ನಿಂದ ಕತ್ತರಿಸಿ. ಬಟ್ಟೆ ಎಳೆದು ಕಿತ್ತರೆ ಅಂಚು ಹರಿಯುತ್ತದೆ. ಕವರಿನ ಒಳಗೆ ಉದ್ದನೆ ಕಂಬಿಗಳಿರುತ್ತವೆ, ಸೀಟಿನ ಮೇಲೆ ಕಾಣುವ ತಗ್ಗು ಗೆರೆಗಳನ್ನು ಒಳಕ್ಕೆ ಎಳೆದು ಹಿಡಿಯುವುದು ಅವೇ. ಯಾವುದು ಎಲ್ಲಿತ್ತು ಅಂತ ಚೀಟಿ ಅಂಟಿಸಿ. ಹೊಲಿಗೆ ಬಿಚ್ಚುವ ಮೊದಲು ಎರಡೂ ತುಂಡುಗಳ ಮೇಲೆ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆಯಿರಿ, ಮತ್ತೆ ಸೇರಿಸುವಾಗ ಗೆರೆಗೆ ಗೆರೆ ಕೂಡಬೇಕು.

ಇನ್ನು ಬಟ್ಟೆ ಎಲ್ಲಿಂದ ತರುವುದು? ಅದು ನಿಮ್ಮ ಕಾರಿನಲ್ಲೇ ಇರಬಹುದು. ಸೀಟಿನ ಅಡಿಗೆ ಮಡಚಿದ ಅಂಚು, ಹಿಂದಿನ ಸೀಟಿನ ಬೆನ್ನಿಗೆ ಮರೆಯಾದ ಭಾಗ, ಇಲ್ಲೆಲ್ಲ ಬಿಸಿಲು ಬಿದ್ದಿರಲ್ಲ, ಬಣ್ಣ ಮೊದಲಿನಂತೆಯೇ ಇರುತ್ತದೆ. ಅಲ್ಲಿಂದ ತುಂಡು ತೆಗೆದು ಆ ಜಾಗಕ್ಕೆ ಬೇರೆ ಬಟ್ಟೆ ಹಾಕಿ. ಮುಂಬೈನ ಕುರ್ಲಾದ ಸಿಎಸ್‌ಟಿ ರೋಡಿನ ಹಳೆ ಸಾಮಾನಿನ ಅಂಗಡಿಗಳಲ್ಲೂ ಒಂದು ಸುತ್ತು ಹಾಕಿ. ಕಾರಿನ ತುಂಡನ್ನು ಜೇಬಲ್ಲಿಟ್ಟುಕೊಂಡು ಹೋಗಿ, ಅಂಗಡಿಯ ಟ್ಯೂಬ್‌ಲೈಟ್ ನಂಬದೆ ಹೊರಗೆ ಬೆಳಕಿಗೆ ತಂದು ಹೋಲಿಸಿ. ಮಖಮಲ್ ತರದ ಬಟ್ಟೆಯಾದರೆ ಕೈಯಾಡಿಸಿ ನೂಲು ಯಾವ ಕಡೆ ಮಲಗುತ್ತದೆ ನೋಡಿ. ಒಂದು ತುಂಡು ಉಲ್ಟಾ ಹೊಲಿದರೂ ಅದೇ ಬಟ್ಟೆ ಬೇರೆ ಬಣ್ಣದಂತೆ ಕಾಣುತ್ತದೆ. ಮಾಸಿದ್ದಕ್ಕೆ ಬಣ್ಣ ಹಾಕೋಣ ಅನ್ನುವವರಿಗೆ ಒಂದು ಮಾತು: ಪಾಲಿಯೆಸ್ಟರ್ ಬಟ್ಟೆಗೆ ಹತ್ತಿಯ ಬಣ್ಣದ ಪುಡಿ ಹಿಡಿಯಲ್ಲ, ಸುಮ್ನೆ ಕಲೆ ಆಗುತ್ತದೆ.

ಫೋಮ್ ಕೊಳ್ಳುವಾಗ ಡೆನ್ಸಿಟಿ, ಅಂದರೆ ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಅಂತ ಕೇಳಿ. ಕೂರುವ ಭಾಗಕ್ಕೆ ನಾನು 40 ಹಾಕಿದೆ, ಬೆನ್ನಿಗೆ 32 ಸಾಕಾಯಿತು. ಸ್ಪ್ರಿಂಗ್ ತುಕ್ಕು ಹಿಡಿದಿದ್ದರೆ ತಂತಿ ಬ್ರಷ್‌ನಿಂದ ಉಜ್ಜಿ ರೆಡ್ ಆಕ್ಸೈಡ್ ಬಳಿಯಿರಿ, ಒಣಗಿದ ಮೇಲೆ ಸ್ಪ್ರಿಂಗಿಗೂ ಫೋಮಿಗೂ ನಡುವೆ ಗೋಣಿ ಬಟ್ಟೆ ಹಾಸಿ. ಇದನ್ನು ಮರೆತರೆ ಕಂಬಿ ಹೊಸ ಫೋಮನ್ನು ಕೊರೆದು ತಿನ್ನುತ್ತದೆ.

ಹೊಲಿಗೆಗೆ ಪಾಲಿಯೆಸ್ಟರ್ ದಾರ, 16 ಅಥವಾ 18ರ ಸೂಜಿ, ಉದ್ದ ಹೊಲಿಗೆ. ಹಳೆ ರಂಧ್ರಗಳ ಪಕ್ಕದಲ್ಲೇ ಒತ್ತೊತ್ತಾಗಿ ಹೊಲಿದರೆ ಬಟ್ಟೆ ಅಂಚೆಚೀಟಿಯಂತೆ ಹರಿದು ಬರುತ್ತದೆ. ಮನೆ ಮೆಷಿನ್‌ಗೆ ಇಷ್ಟು ದಪ್ಪ ಆಗಲ್ಲ, ಕುಶನ್ ಕೆಲಸದವರ ಹತ್ತಿರ ಕೊಡಿ. ಕೊಡುವಾಗ ಹಳೆ ಬಟ್ಟೆಯ ಒಂದು ಚೂರೂ ಎಸೆಯಬಾರದು ಅಂತ ಬಾಯಲ್ಲಿ ಹೇಳಿ, ಕಾಗದದಲ್ಲೂ ಬರೆದುಕೊಡಿ. ಮುಂದಿನ ಎಡ ಸೀಟನ್ನು ನಾನು ಹೇಳದೆ ಕೊಟ್ಟಿದ್ದೆ. ಹೊಸ ಕವರ್ ಚೆನ್ನಾಗಿ ಬಂತು, ಹಳೆಯದು ಕಸಕ್ಕೆ ಹೋಗಿತ್ತು. ಅಮ್ಮ ಕೂರುತ್ತಿದ್ದ ಸೀಟು ಅದು, ಇವತ್ತಿಗೂ ನೋಡಿದರೆ ಬೇಜಾರಾಗುತ್ತದೆ.

ಕವರ್ ತೊಡಿಸುವಾಗ ಫೋಮ್ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಇಡಿ, ಬಟ್ಟೆ ಜಾರಿಕೊಂಡು ಕೂರುತ್ತದೆ. ಆಮೇಲೆ ಹಾಳೆಯನ್ನು ಎಳೆದು ತೆಗೆಯಿರಿ. ಉಂಗುರ ಹಾಕುವುದನ್ನು ನಡುವಿನಿಂದ ಶುರುಮಾಡಿ, ಎರಡೂ ಬದಿಗೆ ಸಮನಾಗಿ ಹೋಗಿ. ಉಳಿದ ಸುಕ್ಕಿಗೆ ಸ್ಟೀಮರ್ ಅನ್ನು ಸ್ವಲ್ಪ ದೂರದಿಂದ ಹಿಡಿಯಿರಿ. ಕಾರು ನಿಲ್ಲಿಸಿದಾಗ ಸೀಟಿನ ಮೇಲೆ ಹಳೆ ಹತ್ತಿ ಬೆಡ್‌ಶೀಟ್ ಹೊದಿಸಿ. ಪ್ಲಾಸ್ಟಿಕ್ ಹೊದಿಸಿದರೆ ತೇವ ಒಳಗೇ ನಿಂತು ಮತ್ತೆ ಬೂಷ್ಟು ಬರುತ್ತದೆ.