ಸ್ಕ್ರೀನ್ ಹೇಳುವುದು ನಿಜ ಆಗಿರಬೇಕು: ಆಪರೇಟರ್ ಪ್ಯಾನೆಲ್ ಕೆಲಸ ಕಲಿತ ನನ್ನ ಅನುಭವ

ಆಪರೇಟರ್ ಪ್ಯಾನೆಲ್ ಅಂದರೆ ಯಂತ್ರ ನಡೆಸುವವರು ಅದರ ಸ್ಥಿತಿ ನೋಡಿ ಆಜ್ಞೆ ಕೊಡುವ ಟಚ್ ಸ್ಕ್ರೀನ್. ನಾನು ಮಾಡಿದ ಮೊದಲನೆಯದು 7 ಇಂಚಿನದು. ಒಂದು ನೀರಿನ ಟ್ಯಾಂಕ್, ಅದನ್ನು ತುಂಬಿಸಲು ಎರಡು ಪಂಪ್, ಒಂದು ವಾಲ್ವ್, ನೀರಿನ ಮಟ್ಟ ಅಳೆದು ಕಳಿಸುವ ಒಂದು ಲೆವೆಲ್ ಟ್ರಾನ್ಸ್‌ಮಿಟರ್. ಅಷ್ಟೇ. ಪಿಎಲ್‌ಸಿ (ಯಂತ್ರಗಳನ್ನು ನಿಯಂತ್ರಿಸುವ ಕೈಗಾರಿಕಾ ಕಂಪ್ಯೂಟರ್) ಪ್ರೋಗ್ರಾಂ ಬೇರೆಯವರು ಬರೆದಿದ್ದರು, ಸ್ಕ್ರೀನ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಕೆಲವೇ ದಿನದಲ್ಲಿ ಮುಗಿಸಿದೆ. ನೋಡುವುದಕ್ಕೂ ಚೆನ್ನಾಗಿತ್ತು. ಚಾಲೂ ಮಾಡಿದ ಮರುದಿನ ಅಲ್ಲಿನ ಹಿರಿಯ ಆಪರೇಟರ್ ಬಂದು ಕೇಳಿದರು: "ಸರ್, ಇದರಲ್ಲಿ ಪಂಪ್ ಓಡ್ತಾ ಇದೆ ಅಂತ ತೋರಿಸ್ತಿದೆ. ಅಲ್ಲಿ ಹೋಗಿ ನೋಡಿದ್ರೆ ನಿಂತಿದೆ. ನಾನು ಯಾವುದನ್ನ ನಂಬಲಿ?"

ಮೋಟಾರ್ ಅತಿಯಾಗಿ ಕರೆಂಟ್ ಎಳೆದಾಗ ಅದನ್ನು ನಿಲ್ಲಿಸುವ ಓವರ್‌ಲೋಡ್ ರಿಲೇ ಟ್ರಿಪ್ ಆಗಿತ್ತು. ಪಂಪ್‌ನ ಹಸಿರು ಬಣ್ಣವನ್ನು ನಾನು ಪಿಎಲ್‌ಸಿಯ ಔಟ್‌ಪುಟ್ ಬಿಟ್‌ಗೆ ಕಟ್ಟಿದ್ದೆ. ಪಿಎಲ್‌ಸಿ "ಓಡು" ಅಂತ ಹೇಳುತ್ತಲೇ ಇತ್ತು. ರಿಲೇ ಟ್ರಿಪ್ ಆದಾಗ ಕಂಟ್ಯಾಕ್ಟರ್ (ಮೋಟಾರ್‌ಗೆ ಕರೆಂಟ್ ಕೊಡುವ ವಿದ್ಯುತ್ ಸ್ವಿಚ್) ಕಾಯಿಲ್‌ಗೆ ಹೋಗುವ ಲೈನ್ ತುಂಡಾಗಿ ಮೋಟಾರ್ ನಿಂತಿತ್ತು. ಕೊಟ್ಟ ಆಜ್ಞೆ ಬೇರೆ, ನಡೆದದ್ದು ಬೇರೆ. ನನ್ನ ಸ್ಕ್ರೀನ್ ಆಜ್ಞೆಯನ್ನು ತೋರಿಸುತ್ತಿತ್ತು. ಓದುವವರು ಅದನ್ನು ನಡೆದ ಸಂಗತಿ ಅಂತ ತಿಳಿಯುತ್ತಿದ್ದರು.

ಅವತ್ತು ಕಂಟ್ಯಾಕ್ಟರ್‌ನ ಆಕ್ಸಿಲರಿ ಕಾಂಟ್ಯಾಕ್ಟ್‌ನಿಂದ ಒಂದು ತಂತಿ ಎಳೆದು ಪಿಎಲ್‌ಸಿ ಇನ್‌ಪುಟ್‌ಗೆ ಕೊಟ್ಟೆವು. ಕಂಟ್ಯಾಕ್ಟರ್ ನಿಜವಾಗಿ ಆನ್ ಆಗಿದೆ ಅಂತ ತಿಳಿಸುವ ಈ ಸಂಕೇತವೇ ಫೀಡ್‌ಬ್ಯಾಕ್. ಈಗ ಪ್ರತಿ ಮೋಟಾರ್‌ಗೂ ನಾನು ನಾಲ್ಕು ಸ್ಥಿತಿ ಇಡುತ್ತೇನೆ. ಆಜ್ಞೆಯೂ ಇಲ್ಲ, ಫೀಡ್‌ಬ್ಯಾಕ್ ಕೂಡ ಇಲ್ಲ: ನಿಂತಿದೆ. ಎರಡೂ ಇವೆ: ಓಡುತ್ತಿದೆ. ಆಜ್ಞೆ ಕೊಟ್ಟು ಎರಡು ಮೂರು ಸೆಕೆಂಡ್ ಆದರೂ ಫೀಡ್‌ಬ್ಯಾಕ್ ಬಂದಿಲ್ಲ: ದೋಷ. ನಾಲ್ಕನೆಯದನ್ನು ಹೊಸಬರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಆಜ್ಞೆ ಇಲ್ಲ, ಆದರೆ ಫೀಡ್‌ಬ್ಯಾಕ್ ಇದೆ. ಅಂದರೆ ಯಾರೋ ಲೋಕಲ್ ಸ್ವಿಚ್‌ನಿಂದ ಓಡಿಸುತ್ತಿದ್ದಾರೆ, ಇಲ್ಲವೇ ಕಂಟ್ಯಾಕ್ಟರ್ ಅಂಟಿಕೊಂಡಿದೆ. ಪಂಪ್ ಹತ್ತಿರ ಕೈ ಹಾಕುವವರಿಗೆ ಇದು ತಿಳಿದಿರಲೇಬೇಕು, ಅಲ್ವಾ? ಈ ನಾಲ್ಕನ್ನೂ ಪಿಎಲ್‌ಸಿಯಲ್ಲೇ ಲೆಕ್ಕ ಹಾಕಿ 0, 1, 2, 3 ಅಂತ ಒಂದೇ ಸಂಖ್ಯೆಯಾಗಿ ಪ್ಯಾನೆಲ್‌ಗೆ ಕಳಿಸುತ್ತೇನೆ. ಪ್ಯಾನೆಲ್ ತಾನಾಗಿ ಏನನ್ನೂ ತೀರ್ಮಾನಿಸಬಾರದು. ಬಂದದ್ದನ್ನು ತೋರಿಸಿದರೆ ಸಾಕು.

ಆ ಹಿರಿಯ ಆಪರೇಟರ್ ಕೇಳಿದ ಪ್ರಶ್ನೆ ಅಂದಿನಿಂದ ನನ್ನ ಜೊತೆಗೇ ಇದೆ. ಸ್ಕ್ರೀನ್ ಮೇಲೆ ಏನೇ ಇಟ್ಟರೂ, ಇದನ್ನು ನಂಬಬಹುದಾ ಅಂತ ಕೇಳಿಕೊಳ್ಳುತ್ತೇನೆ. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಸಾಫ್ಟ್‌ವೇರ್‌ನ ಮೆನು ತೋರಿಸುವ ಬದಲು, ಆ ನಂಬಿಕೆ ಎಲ್ಲೆಲ್ಲಿ ಮುರಿಯುತ್ತದೆ ಅನ್ನುವುದನ್ನು ಹೇಳುವುದೇ ಜಾಸ್ತಿ ಉಪಯೋಗ ಅಂತ ನನಗೆ ಅನಿಸುತ್ತದೆ. ಮೆನು ಒಂದು ವಾರದಲ್ಲಿ ಕೈಗೆ ಬರುತ್ತದೆ.

ಮೊದಲು ಕಾಗದ ತೆಗೆದುಕೊಳ್ಳಿ. ಆಪರೇಟರ್ ಜೊತೆ ಒಂದು ಶಿಫ್ಟ್ ನಿಲ್ಲಿ. ಅವರು ಯಾವ ಮೀಟರ್ ಕಡೆ ಪದೇ ಪದೇ ನೋಡುತ್ತಾರೆ, ಯಾವ ವಾಲ್ವ್ ತಿರುಗಿಸುವ ಮುಂಚೆ ಏನನ್ನು ಖಚಿತ ಮಾಡಿಕೊಳ್ಳುತ್ತಾರೆ, ಪುಸ್ತಕದಲ್ಲಿ ಏನು ಬರೆದಿಡುತ್ತಾರೆ ಎಂಬುದನ್ನು ಗಮನಿಸಿ. ಮೊದಲ ಸ್ಕ್ರೀನ್‌ಗೆ ಏನು ಬೇಕು ಅನ್ನುವುದು ಅಲ್ಲೇ ಸಿಗುತ್ತದೆ. ಆಮೇಲೆ ಟ್ಯಾಗ್ ಪಟ್ಟಿ. ಟ್ಯಾಗ್ ಅಂದರೆ ಪಿಎಲ್‌ಸಿಯ ಒಂದು ಮೌಲ್ಯಕ್ಕೆ ಪ್ಯಾನೆಲ್‌ನಲ್ಲಿ ಇಡುವ ಹೆಸರು. ನನ್ನ ಪಟ್ಟಿಯಲ್ಲಿ ಹೆಸರು, ವಿಳಾಸ, ಡೇಟಾ ಟೈಪ್, ಯೂನಿಟ್, ಕನಿಷ್ಠ ಮತ್ತು ಗರಿಷ್ಠ ಮೌಲ್ಯ, ಎಷ್ಟು ಬೇಗ ಓದಬೇಕು ಎಂಬ ಕಾಲಂಗಳು ಇರುತ್ತವೆ. ಇವುಗಳ ಜೊತೆಗೆ "ಇದನ್ನು ಬರೆಯುವವರು ಯಾರು" ಅಂತ ಇನ್ನೊಂದು ಕಾಲಂ. ಒಂದೇ ಟ್ಯಾಗ್‌ಗೆ ಪ್ಯಾನೆಲ್ ಮತ್ತು ಪಿಎಲ್‌ಸಿ ಎರಡೂ ಬರೆಯುತ್ತಿದ್ದರೆ, ಯಾರು ಹಾಕಿದ ಸಂಖ್ಯೆ ಉಳಿಯುತ್ತದೆ ಅಂತ ಹೇಳುವುದಕ್ಕೆ ಆಗುವುದಿಲ್ಲ.

ವಿಳಾಸದ ವಿಷಯದಲ್ಲಿ ನಾನು ಒಂದು ಇಡೀ ದಿನ ಕಳೆದುಕೊಂಡಿದ್ದೇನೆ. ಟ್ಯಾಗ್‌ಗಳನ್ನು ಹೆಸರಿನಿಂದಲೂ ಕಟ್ಟಬಹುದು, ಡೇಟಾ ಬ್ಲಾಕ್‌ನ (ಪಿಎಲ್‌ಸಿ ತನ್ನ ಮೌಲ್ಯಗಳನ್ನು ಸಾಲಾಗಿ ಇಡುವ ಮೆಮೊರಿಯ ಭಾಗ) ಇಷ್ಟನೇ ಬೈಟ್ ಅಂತ ನೇರ ವಿಳಾಸದಿಂದಲೂ ಕಟ್ಟಬಹುದು. ಪಿಎಲ್‌ಸಿ ಒಂದು ಕಂಪನಿಯದು, ಪ್ಯಾನೆಲ್ ಇನ್ನೊಂದು ಕಂಪನಿಯದು ಆದರೆ ಹೆಚ್ಚಾಗಿ ನೇರ ವಿಳಾಸವೇ ಗತಿ. ಒಮ್ಮೆ ಪಿಎಲ್‌ಸಿ ಬ್ಲಾಕ್‌ನ ನಡುವೆ ಒಂದು 16 ಬಿಟ್ ಸಂಖ್ಯೆ ಸೇರಿಸಿದರು. ಅದರ ಕೆಳಗಿದ್ದ ಎಲ್ಲವೂ 2 ಬೈಟ್ ಜರುಗಿದವು. ಪ್ಯಾನೆಲ್ ಯಾವ ದೂರೂ ಹೇಳಲಿಲ್ಲ. ಒತ್ತಡದ ಜಾಗದಲ್ಲಿ ಇನ್ಯಾವುದೋ ಸಂಖ್ಯೆ, ನಂಬಬಹುದಾದ ಹಾಗೇ, ಕುಳಿತಿತ್ತು. ಈಗ ಪ್ಯಾನೆಲ್‌ಗೆ ಅಂತಲೇ ಒಂದು ಪ್ರತ್ಯೇಕ ಬ್ಲಾಕ್ ಕೇಳಿ ಪಡೆಯುತ್ತೇನೆ. ಹೊಸದೇನಿದ್ದರೂ ಅದರ ಕೊನೆಗೇ ಸೇರಬೇಕು ಅನ್ನುವುದು ನನ್ನ ಶರತ್ತು.

ನೆಟ್‌ವರ್ಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಿಎಲ್‌ಸಿಗೆ 192.168.0.1, ಪ್ಯಾನೆಲ್‌ಗೆ 192.168.0.2, ಲ್ಯಾಪ್‌ಟಾಪ್‌ಗೆ 192.168.0.10, ಮಾಸ್ಕ್ 255.255.255.0. ಹೀಗೆ ಒಂದೇ ಗುಂಪಿನಲ್ಲಿ ಇಟ್ಟು ಮೊದಲು ಪಿಂಗ್ ಮಾಡಿ ನೋಡಿ. ಪಿಂಗ್ ಬಂದರೂ ಡೌನ್‌ಲೋಡ್ ಆಗದಿದ್ದರೆ ಎರಡು ಕಡೆ ನೋಡಿ: ಪ್ಯಾನೆಲ್ ಟ್ರಾನ್ಸ್‌ಫರ್ ಮೋಡ್‌ನಲ್ಲಿದೆಯಾ, ಅದರ ಒಳಗಿನ ವರ್ಷನ್ ನಿಮ್ಮ ಸಾಫ್ಟ್‌ವೇರ್ ವರ್ಷನ್‌ಗೆ ಹೊಂದುತ್ತದೆಯಾ. ಕಲಿಯುವ ದಿನಗಳಲ್ಲಿ ಪ್ಯಾನೆಲ್ ಕೈಯಲ್ಲಿ ಇರಲೇಬೇಕು ಅಂತೇನೂ ಇಲ್ಲ. ಬಹುತೇಕ ಸಾಫ್ಟ್‌ವೇರ್‌ಗಳಲ್ಲಿ ಸಿಮ್ಯುಲೇಟರ್ ಇರುತ್ತದೆ. ನಾನು ಅರ್ಧಕ್ಕಿಂತ ಜಾಸ್ತಿ ಕಲಿತದ್ದು ಅದರಲ್ಲೇ.

ಇನ್ನು ಸಂಖ್ಯೆಗಳು. ಲೆವೆಲ್ ಟ್ರಾನ್ಸ್‌ಮಿಟರ್ 4 ರಿಂದ 20 ಮಿಲಿ ಆಂಪಿಯರ್ ಕಳಿಸುತ್ತದೆ. ಸೀಮೆನ್ಸ್ ಎಸ್7 ಪಿಎಲ್‌ಸಿಗಳಲ್ಲಿ ಅದು 0 ಯಿಂದ 27648 ಆಗಿ ಬರುತ್ತದೆ, ಬೇರೆಯವರಲ್ಲಿ ಬೇರೆ ವ್ಯಾಪ್ತಿ. ಟ್ಯಾಂಕ್ 4 ಮೀಟರ್ ಆದರೆ 13824 ಅಂದರೆ 2 ಮೀಟರ್. ಈ ಲೆಕ್ಕವನ್ನು, ಅಂದರೆ ಸ್ಕೇಲಿಂಗ್ ಅನ್ನು, ಪಿಎಲ್‌ಸಿಯಲ್ಲೂ ಮಾಡಬಹುದು, ಪ್ಯಾನೆಲ್‌ನಲ್ಲೂ ಮಾಡಬಹುದು. ನಾನು ಪಿಎಲ್‌ಸಿಯಲ್ಲೇ ಮಾಡಿ ಅಂತ ಹಟ ಹಿಡಿಯುತ್ತೇನೆ. ನಾಳೆ ಕಂಟ್ರೋಲ್ ರೂಮಿನಲ್ಲಿ ಸ್ಕಾಡಾ (ಇಡೀ ಘಟಕವನ್ನು ಕಂಪ್ಯೂಟರ್‌ನಿಂದ ನೋಡಿಕೊಳ್ಳುವ ವ್ಯವಸ್ಥೆ) ಬಂದರೆ ಎರಡೂ ಕಡೆ ಒಂದೇ ಸಂಖ್ಯೆ ಕಾಣಬೇಕು. ಪರೀಕ್ಷೆಗೆ ಟ್ರಾನ್ಸ್‌ಮಿಟರ್ ತಂತಿ ಬಿಚ್ಚಿ, ಲೂಪ್ ಕ್ಯಾಲಿಬ್ರೇಟರ್‌ನಿಂದ (ಬೇಕಾದ ಕರೆಂಟ್ ಕೊಡುವ ಪರೀಕ್ಷಾ ಉಪಕರಣ) 4, 8, 12, 16, 20 ಮಿಲಿ ಆಂಪಿಯರ್ ಕೊಡುತ್ತೇನೆ. ಸ್ಕ್ರೀನ್ ಮೇಲೆ 0, 1, 2, 3, 4 ಮೀಟರ್ ಬರಬೇಕು. ಎರಡೇ ಬಿಂದು ನೋಡಿ ಬಿಡಬೇಡಿ. ಆಮೇಲೆ ಕ್ಯಾಲಿಬ್ರೇಟರ್ ತಂತಿಯನ್ನೂ ಕಿತ್ತುಬಿಡುತ್ತೇನೆ. ಆಗ 0.00 ಮೀಟರ್ ಅಂತ ಕಂಡರೆ ಅದು ತಪ್ಪು. ತಂತಿ ತುಂಡಾಗಿದೆ ಅಂತ ಬರಬೇಕು. ಖಾಲಿ ಟ್ಯಾಂಕ್‌ಗೂ ಸತ್ತ ಸೆನ್ಸರ್‌ಗೂ ಒಂದೇ ಸಂಖ್ಯೆ ಇದ್ದರೆ ಆಪರೇಟರ್ ಏನು ಮಾಡಬೇಕು?

ಮಾಡ್‌ಬಸ್‌ನಲ್ಲಿ (ಬೇರೆ ಬೇರೆ ಕಂಪನಿಗಳ ಸಾಧನಗಳು ಮಾಹಿತಿ ಹಂಚಿಕೊಳ್ಳಲು ಬಳಸುವ ಪದ್ಧತಿ) ಇನ್ನೂ ಹುಷಾರಾಗಿರಬೇಕು. ಮ್ಯಾನ್ಯುಯಲ್‌ನಲ್ಲಿ 40101 ಅಂತ ಇರುತ್ತದೆ. ಕೆಲವು ಸಾಫ್ಟ್‌ವೇರ್‌ಗೆ ಅದನ್ನೇ ಕೊಡಬೇಕು, ಕೆಲವಕ್ಕೆ 100 ಅಂತ ಕೊಡಬೇಕು, ಯಾಕೆಂದರೆ 40001 ಅನ್ನುವುದು ಒಳಗೆ 0 ಆಗಿರುತ್ತದೆ. ಒಂದು ರಿಜಿಸ್ಟರ್ 16 ಬಿಟ್. ದಶಮಾಂಶದ ಸಂಖ್ಯೆಗೆ ಸಾಮಾನ್ಯವಾಗಿ 32 ಬಿಟ್ ಬೇಕು, ಅಂದರೆ ಎರಡು ರಿಜಿಸ್ಟರ್. ಯಾವುದು ಮೊದಲು ಅನ್ನುವುದನ್ನು ಒಬ್ಬೊಬ್ಬ ತಯಾರಕರು ಒಂದೊಂದು ರೀತಿ ಇಟ್ಟಿರುತ್ತಾರೆ. ಒಂದು ಫ್ಲೋ ಮೀಟರ್‌ನಲ್ಲಿ ಸಿಮ್ಯುಲೇಶನ್ ಹಾಕಿ ಸರಿಯಾಗಿ 50.0 ಕೊಟ್ಟೆ. ಪ್ಯಾನೆಲ್ 0.0 ಅಂತ ತೋರಿಸಿತು. ತಂತಿ ನೋಡಿದೆ, ಬಾಡ್ ರೇಟ್ ನೋಡಿದೆ, ಎಲ್ಲವೂ ಸರಿ ಇತ್ತು. 50.0 ಅನ್ನುವುದು ಹೆಕ್ಸ್‌ನಲ್ಲಿ 4248 ಮತ್ತು 0000. ಜಾಗ ಅದಲುಬದಲಾದರೆ 0000 ಮತ್ತು 4248. ಅದು ಎಷ್ಟು ಸಣ್ಣ ಸಂಖ್ಯೆ ಅಂದರೆ ಸ್ಕ್ರೀನ್ ಮೇಲೆ ಸೊನ್ನೆಯೇ. ಸಿಮ್ಯುಲೇಶನ್ ಅನ್ನು 49.87 ಮಾಡಿದಾಗ ಸ್ಕ್ರೀನ್ ಮೇಲಿನ ಸಂಖ್ಯೆಯ ಜಾಗದಲ್ಲಿ ಹಿಡಿಸದಷ್ಟು ದೊಡ್ಡ ಸಂಖ್ಯೆ ಬಂತು. ಆಗ ಕಾರಣ ಗೊತ್ತಾಯಿತು. ಇಂಥ ಪರೀಕ್ಷೆಗೆ ಯಾವತ್ತೂ ದುಂಡು ಸಂಖ್ಯೆ ಕೊಡಬೇಡಿ.

ಬಟನ್ ವಿಷಯಕ್ಕೆ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ಇಲ್ಲಿ ತಪ್ಪಾದರೆ ಜನರಿಗೆ ಪೆಟ್ಟಾಗಬಹುದು. ಒತ್ತಿದಾಗ ಬಿಟ್ ಸೆಟ್, ಬಿಟ್ಟಾಗ ರಿಸೆಟ್. ಜಾಗ್ ಬಟನ್ (ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಮೋಟಾರ್ ತಿರುಗಿಸುವ ಬಟನ್) ಅನ್ನು ಬಹಳ ಜನ ಹೀಗೇ ಮಾಡುತ್ತಾರೆ, ನಾನೂ ಮಾಡಿದ್ದೆ. ಒತ್ತಿ ಹಿಡಿದಿರುವಾಗ ಕೇಬಲ್ ಕಳಚಿದರೆ? ರಿಸೆಟ್ ಪಿಎಲ್‌ಸಿಗೆ ತಲುಪುವುದೇ ಇಲ್ಲ. ಬೆರಳು ತೆಗೆದರೂ ಬಿಟ್ 1 ಆಗಿಯೇ ಉಳಿಯುತ್ತದೆ, ಮೋಟಾರ್ ತಿರುಗುತ್ತಲೇ ಇರುತ್ತದೆ. ನಾನು ಇದನ್ನು ಟೇಬಲ್ ಮೇಲೆ, ಮೋಟಾರ್ ಬದಲು ಒಂದು ಲ್ಯಾಂಪ್ ಇಟ್ಟು ಮಾಡಿ ನೋಡಿದ್ದೇನೆ. ನೀವೂ ಮಾಡಿ ನೋಡಿ. ಸ್ಟಾರ್ಟ್ ಬಟನ್‌ಗೆ ಈಗ ನಾನು ಮಾಡುವುದು ಹೀಗೆ: ಪ್ಯಾನೆಲ್ ಬಿಟ್ ಅನ್ನು ಸೆಟ್ ಮಾತ್ರ ಮಾಡುತ್ತದೆ, ಪಿಎಲ್‌ಸಿ ಅದನ್ನು ಒಮ್ಮೆ ಓದಿ ತಾನೇ ರಿಸೆಟ್ ಮಾಡುತ್ತದೆ (ಒಂದೇ ಟ್ಯಾಗ್‌ಗೆ ಎರಡೂ ಬರೆಯುವುದಕ್ಕೆ ನಾನು ಒಪ್ಪುವುದು ಇಲ್ಲಿ ಮಾತ್ರ). ಜಾಗ್‌ಗೆ ನಿಜವಾದ ಪುಶ್ ಬಟನ್ ಹಾಕಿಸುತ್ತೇನೆ. ಎಮರ್ಜೆನ್ಸಿ ಸ್ಟಾಪ್ ಅಂತೂ ಟಚ್ ಸ್ಕ್ರೀನ್ ಮೇಲೆ ಇರಲೇಬಾರದು. ಅದು ಕೆಂಪು ಮಶ್ರೂಮ್ ಬಟನ್, ತಂತಿಯಲ್ಲೇ ಸುರಕ್ಷತಾ ಸರ್ಕ್ಯೂಟ್‌ಗೆ ಹೋಗಬೇಕು. ಸ್ಕ್ರೀನ್ ಮೇಲೆ ಅದರ ಸ್ಥಿತಿ ತೋರಿಸಿ, ಸಾಕು.

ಕೇಬಲ್ ಕಳಚಿದಾಗ ಇನ್ನೊಂದು ಅಪಾಯವೂ ಇದೆ. ಕೆಲವು ಪ್ಯಾನೆಲ್‌ಗಳು ಸಂಖ್ಯೆಯ ಜಾಗದಲ್ಲಿ #### ತೋರಿಸುತ್ತವೆ, ಅದು ಒಳ್ಳೆಯದು. ಕೆಲವು ಕಡೆ ಕೊನೆಗೆ ಬಂದ ಸಂಖ್ಯೆಯೇ ಹಾಗೇ ನಿಂತುಬಿಡುತ್ತದೆ. 2.35 ಮೀಟರ್ ಅಂತ ಕಾಣುತ್ತಿರುತ್ತದೆ, ಆದರೆ ಅದು ಹತ್ತು ನಿಮಿಷದ ಹಿಂದಿನ ನೀರು. ಅದಕ್ಕೆ ಪಿಎಲ್‌ಸಿಯಲ್ಲಿ ಸೆಕೆಂಡಿಗೊಮ್ಮೆ ಏರುವ ಒಂದು ಕೌಂಟರ್ ಇಡುತ್ತೇವೆ. ಅದು ಐದು ಸೆಕೆಂಡ್ ಬದಲಾಗದಿದ್ದರೆ ಇಡೀ ಸ್ಕ್ರೀನ್‌ಗೆ ಅಡ್ಡವಾಗಿ "ಸಂಪರ್ಕ ಇಲ್ಲ" ಅಂತ ಪಟ್ಟಿ ಬರುತ್ತದೆ. ಜೊತೆಗೆ ಟೆಂಪ್ಲೇಟ್‌ನಲ್ಲೇ (ಎಲ್ಲ ಸ್ಕ್ರೀನ್‌ಗಳಿಗೂ ಒಂದೇ ಆಗಿರುವ ಚೌಕಟ್ಟು) ಬಲಗಡೆ ಮೂಲೆಗೆ ಪಿಎಲ್‌ಸಿಯ ಗಡಿಯಾರವನ್ನು ಸೆಕೆಂಡ್ ಸಮೇತ ಇಡುತ್ತೇನೆ. ಪ್ಯಾನೆಲ್‌ನ ಸ್ವಂತ ಗಡಿಯಾರ ಇಟ್ಟರೆ ಕೇಬಲ್ ಕಿತ್ತರೂ ಅದು ಓಡುತ್ತಲೇ ಇರುತ್ತದೆ, ಹಾಗಾಗಿ ಪಿಎಲ್‌ಸಿಯದೇ ಬೇಕು. ಸೆಕೆಂಡ್ ಓಡುತ್ತಿದ್ದರೆ ಸ್ಕ್ರೀನ್ ಜೀವಂತ ಇದೆ. ಇದನ್ನು ಯಾರಿಗೂ ಎರಡು ಸಲ ಹೇಳಬೇಕಾಗಿ ಬಂದಿಲ್ಲ.

ಬಣ್ಣ ಕಮ್ಮಿ ಮಾಡಿ. ಪ್ಯಾನೆಲ್ ಸ್ಕ್ರೀನ್‌ಗಳ ವಿನ್ಯಾಸಕ್ಕೆ ಐಎಸ್‌ಎ 101 ಅನ್ನುವ ಮಾನದಂಡ 2015ರಲ್ಲಿ ಬಂದಿದೆ. ಹಿನ್ನೆಲೆ ತಿಳಿ ಬೂದು, ಎದ್ದು ಕಾಣುವ ಬಣ್ಣ ಏನಾದರೂ ಸರಿ ಇಲ್ಲದಾಗ ಮಾತ್ರ ಅನ್ನುವ ರೀತಿಯನ್ನು ನಾನು ಈಗ ಪಾಲಿಸುತ್ತೇನೆ. ಮೊದಲು ನನಗೆ ಅದು ತೀರಾ ಸಪ್ಪೆ ಅನಿಸಿತ್ತು. ಆದರೆ ಬೂದು ಸ್ಕ್ರೀನ್ ಮೇಲೆ ಒಂದೇ ಒಂದು ಕೆಂಪು ಚೌಕ ಬಂದರೆ ದೂರದಿಂದಲೇ ಕಣ್ಣು ಅಲ್ಲಿಗೆ ಹೋಗುತ್ತದೆ. ಇನ್ನೊಂದು ಮಾತು: ಯಂತ್ರಗಳ ಕಡೆಯವರಿಗೆ ಹಸಿರು ಅಂದರೆ ಓಡುತ್ತಿದೆ. ವಿದ್ಯುತ್ ಸ್ವಿಚ್‌ಗೇರ್ ಕಡೆಯಿಂದ ಬಂದವರಿಗೆ ಹೆಚ್ಚಾಗಿ ಕೆಂಪು ಅಂದರೆ ಲೈನ್ ಚಾಲೂ ಇದೆ. ಕೆಂಪು ಹಸಿರು ಬೇರೆಯಾಗಿ ಕಾಣದ ಕಣ್ಣುಗಳೂ ಇವೆ. ಆದ್ದರಿಂದ ಬಣ್ಣದ ಪಕ್ಕದಲ್ಲೇ ಒಂದು ಪದ ಬರೆಯಿರಿ.

ಅಲಾರಂಗಳನ್ನು ನಾನು ಮೊದಲ ಸಲ ಸುಮ್ನೆ ಎಲ್ಲದಕ್ಕೂ ಹಾಕಿದ್ದೆ. ಪಂಪ್ ಚಾಲೂ ಆಯಿತು ಅನ್ನುವುದಕ್ಕೂ ಅಲಾರಂ. ಒಮ್ಮೆ ಕರೆಂಟ್ ಹೋಗಿ ಬಂದಾಗ ಸ್ಕ್ರೀನ್ ತುಂಬಾ ಸಾಲು ಸಾಲು ಸಂದೇಶ. ಆಪರೇಟರ್ ಒಂದನ್ನೂ ಓದದೆ ಎಲ್ಲವನ್ನೂ ಅಕ್ನಾಲೆಜ್ ಮಾಡಿದರು, ಅಂದರೆ ನೋಡಿದ್ದೇನೆ ಅಂತ ಒತ್ತಿದರು. ಅವರದ್ದು ಏನೂ ತಪ್ಪಿರಲಿಲ್ಲ. ಆಪರೇಟರ್ ಏನಾದರೂ ಮಾಡಲೇಬೇಕಾದದ್ದು ಮಾತ್ರ ಅಲಾರಂ, ಉಳಿದದ್ದು ಘಟನೆಗಳ ಪಟ್ಟಿಗೆ. ಅಲಾರಂ ವ್ಯವಸ್ಥೆಗಳ ಈಇಎಂಯುಎ 191 ಮಾರ್ಗಸೂಚಿ ಒಬ್ಬ ಆಪರೇಟರ್‌ಗೆ ಸರಾಸರಿ 10 ನಿಮಿಷಕ್ಕೆ ಒಂದಕ್ಕಿಂತ ಕಡಿಮೆ ಅಲಾರಂ ಅನ್ನುವ ಮಟ್ಟವನ್ನು ಬಹುಪಾಲು ಒಪ್ಪಬಹುದಾದದ್ದು ಅಂತ ಇಡುತ್ತದೆ. ನೀರಿನ ಅಲೆಗೆ ಲೆವೆಲ್ ಗಡಿಯಲ್ಲಿ ಹೋಗಿ ಬಂದು ಮಾಡಿದರೆ ಅದೇ ಅಲಾರಂ ಮತ್ತೆ ಮತ್ತೆ ಬರುತ್ತದೆ. 3.60 ಮೀಟರ್‌ಗೆ ಬರಲಿ, 3.50ಕ್ಕೆ ಇಳಿದ ಮೇಲೆ ಹೋಗಲಿ, ಜೊತೆಗೆ ಕೆಲವು ಸೆಕೆಂಡ್ ವಿಳಂಬ ಇರಲಿ. ಸಂದೇಶದಲ್ಲಿ ಮುಂದಿನ ಹೆಜ್ಜೆಯನ್ನೂ ಬರೆಯಿರಿ: "ಪಂಪ್ 2 ಓವರ್‌ಲೋಡ್ ಟ್ರಿಪ್, ವಿದ್ಯುತ್ ಪ್ಯಾನೆಲ್‌ನಲ್ಲಿ ರಿಲೇ ನೋಡಿ".

ಸ್ಕಾಡಾಗೆ ಬಂದಾಗ ಹೊಸದಾಗಿ ಕಲಿಯಬೇಕಾದದ್ದು ಕಾಲದ ಲೆಕ್ಕ. ಅಲ್ಲಿ ಟ್ರೆಂಡ್ (ಮೌಲ್ಯ ಕಾಲಕ್ಕೆ ತಕ್ಕಂತೆ ಹೇಗೆ ಬದಲಾಯಿತು ಅನ್ನುವ ಗ್ರಾಫ್) ಇರುತ್ತದೆ, ತಿಂಗಳುಗಟ್ಟಲೆ ದಾಖಲೆ ಇರುತ್ತದೆ. ಪಿಎಲ್‌ಸಿ ಮತ್ತು ಕಂಪ್ಯೂಟರ್‌ನ ಗಡಿಯಾರ ಒಂದಕ್ಕೊಂದು ಹೊಂದದಿದ್ದರೆ ಮೊದಲು ಪಂಪ್ ನಿಂತಿತಾ, ಮೊದಲು ಒತ್ತಡ ಬಿತ್ತಾ ಅನ್ನುವುದೇ ತಲೆಕೆಳಗಾಗುತ್ತದೆ. ಮೊದಲ ದಿನವೇ ಟೈಮ್ ಸರ್ವರ್ ಹೊಂದಿಸಿ. ಒಪಿಸಿ ಯುಎ (ಕೈಗಾರಿಕಾ ಸಾಧನಗಳು ಡೇಟಾ ಹಂಚಿಕೊಳ್ಳುವ ಇನ್ನೊಂದು ಪದ್ಧತಿ) ಮೂಲಕ ಓದುವಾಗ ಮೌಲ್ಯದ ಜೊತೆ ಸಮಯವೂ ಬರುತ್ತದೆ, ಆ ಮೌಲ್ಯದ ಗುಣಮಟ್ಟ ಒಳ್ಳೆಯದೋ ಕೆಟ್ಟದ್ದೋ ಅನ್ನುವುದೂ ಬರುತ್ತದೆ. ಈ ಗುಣಮಟ್ಟವನ್ನು ಎಸೆಯಬೇಡಿ. ಕೆಟ್ಟದ್ದಾದಾಗ ಸಂಖ್ಯೆಯನ್ನು ಮಸುಕು ಮಾಡಿ ಅಡ್ಡಗೆರೆ ಎಳೆಯುತ್ತೇನೆ, ಟ್ರೆಂಡ್‌ನಲ್ಲಿ ಗೆರೆಯನ್ನು ಅಲ್ಲಿಗೇ ತುಂಡು ಮಾಡುತ್ತೇನೆ. ಓದುವ ವೇಗವನ್ನೂ ನೋಡಿಕೊಳ್ಳಿ. ಎಲ್ಲ ಟ್ಯಾಗ್‌ಗೂ 100 ಮಿಲಿಸೆಕೆಂಡ್ ಹಾಕಿ ಇಡೀ ಪ್ಯಾನೆಲ್ ನಿಧಾನ ಆದದ್ದನ್ನು ನೋಡಿದ್ದೇನೆ. ಟ್ಯಾಂಕ್ ಲೆವೆಲ್‌ಗೆ 1 ಸೆಕೆಂಡ್ ಧಾರಾಳ.

ಕೆಲಸ ಒಪ್ಪಿಸುವ ದಿನ ಟ್ಯಾಗ್ ಪಟ್ಟಿ ಪ್ರಿಂಟ್ ಮಾಡಿಕೊಂಡು ಆಪರೇಟರ್ ಜೊತೆ ಒಂದೊಂದಾಗಿ ನೋಡುತ್ತೇನೆ. ಅವರು ಪಂಪ್ ಹತ್ತಿರ, ನಾನು ಪ್ಯಾನೆಲ್ ಹತ್ತಿರ. ಅವರು ಕಂಡದ್ದನ್ನು ಕೂಗಿ ಹೇಳುತ್ತಾರೆ, ನಾನು ಸ್ಕ್ರೀನ್ ನೋಡಿ ಟಿಕ್ ಹಾಕುತ್ತೇನೆ. ಎಷ್ಟೇ ಅವಸರ ಇದ್ದರೂ ಇದನ್ನು ಬಿಡುವುದಿಲ್ಲ. ಆಮೇಲೆ ಪ್ರಾಜೆಕ್ಟ್ ಫೈಲ್. ಪ್ಯಾನೆಲ್ ಒಳಗೆ ಹೋಗುವುದು ಸಾಮಾನ್ಯವಾಗಿ ಕಂಪೈಲ್ ಆದ ರೂಪ, ಅದರಿಂದ ಮೂಲ ಪ್ರಾಜೆಕ್ಟ್ ವಾಪಸ್ ಪಡೆಯುವುದು ಎಷ್ಟೋ ಪ್ಯಾನೆಲ್‌ಗಳಲ್ಲಿ ಆಗುವುದಿಲ್ಲ. ಆದ್ದರಿಂದ ಮೂಲ ಪ್ರಾಜೆಕ್ಟ್, ಸಾಫ್ಟ್‌ವೇರ್ ವರ್ಷನ್, ಐಪಿ ವಿಳಾಸಗಳು, ಟಿಕ್ ಹಾಕಿದ ಆ ಪಟ್ಟಿಯ ಸ್ಕ್ಯಾನ್, ಎಲ್ಲವನ್ನೂ ಒಂದು ಪೆನ್‌ಡ್ರೈವ್‌ಗೆ ಹಾಕಿ ತಾರೀಖು ಬರೆದು ಅಲ್ಲಿನ ಮೆಂಟೆನೆನ್ಸ್‌ನವರ ಕೈಗೆ ಕೊಡುತ್ತೇನೆ. ಇನ್ನೊಂದು ಪ್ರತಿ ನನ್ನ ಹತ್ತಿರ ಇರುತ್ತದೆ.