ಐವತ್ತು, ಅರವತ್ತು ದಾಟಿದ ಮೇಲೂ ಸಮರಕಲೆ ಬಿಡದೆ ಮುಂದುವರಿಸುವುದು ಹೇಗೆ

ವಯಸ್ಸಾಯ್ತು, ಇನ್ನು ಇದೆಲ್ಲ ಸಾಕು ಅಂತ ಕ್ಲಾಸ್ ಬಿಡುವವರನ್ನು ನೋಡಿದರೆ ಬೇಜಾರಾಗುತ್ತದೆ. ಅವರಲ್ಲಿ ಹೆಚ್ಚಿನವರು ಬಿಡಬೇಕಾಗಿದ್ದದ್ದು ಇಪ್ಪತ್ತೈದರ ಹುಡುಗರ ಜೊತೆ ಅವರದೇ ವೇಗದಲ್ಲಿ ಸ್ಪಾರಿಂಗ್ (ಜೊತೆಗಾರನ ಎದುರು ನಿಂತು ಹೊಡೆದಾಡುವ ಅಭ್ಯಾಸ) ಮಾಡುವುದನ್ನು, ಅಷ್ಟೇ. ಅದನ್ನು ಬಿಡದೆ ಒಂದಿನ ಮಂಡಿ ಕೆಡಿಸಿಕೊಂಡು, ಆಮೇಲೆ ಕಟಾ (ಗೊತ್ತಾದ ಕ್ರಮದಲ್ಲಿ ಮಾಡುವ ಚಲನೆಗಳ ಸರಣಿ), ಪ್ಯಾಡ್‌ಗೆ ಹೊಡೆಯುವುದು, ಬೀಳುವ ಅಭ್ಯಾಸ, ಗೆಳೆಯರು ಎಲ್ಲವನ್ನೂ ಒಟ್ಟಿಗೆ ಬಿಟ್ಟುಬಿಡುತ್ತಾರೆ.

ಜೂಡೊ ಹುಟ್ಟುಹಾಕಿದ ಜಿಗೊರೊ ಕಾನೊ ಅವರ ಶಿಷ್ಯೆ ಕೈಕೊ ಫುಕುದಾ 1913ರಲ್ಲಿ ಹುಟ್ಟಿದವರು. 2011ರಲ್ಲಿ, 98ನೇ ವಯಸ್ಸಿನಲ್ಲಿ, ಅಮೆರಿಕದ ಜೂಡೊ ಸಂಸ್ಥೆ ಅವರಿಗೆ 10ನೇ ಡಾನ್, ಅಂದರೆ ಬ್ಲ್ಯಾಕ್ ಬೆಲ್ಟಿನ ಹತ್ತನೇ ದರ್ಜೆ, ಕೊಟ್ಟಿತು. ಅವರು ಹೆಸರು ಮಾಡಿದ್ದು ಜು ನೊ ಕಟಾದಲ್ಲಿ. ಅದರಲ್ಲಿ ಎಸೆತಗಳನ್ನು ಪೂರ್ತಿ ಮಾಡುವುದಿಲ್ಲ, ಯಾರೂ ನೆಲಕ್ಕೆ ಬೀಳುವುದಿಲ್ಲ, ಆದರೆ ಎದುರಿನವರ ಸಮತೋಲನ ತಪ್ಪಿಸುವ ಕೆಲಸ ಅಷ್ಟೂ ಇರುತ್ತದೆ. ಕಳರಿಪಯಟ್ಟಿನ ಮೀನಾಕ್ಷಿ ಅಮ್ಮ ಅವರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ ಎಪ್ಪತ್ತು ದಾಟಿತ್ತು, ಆಗಲೂ ಕಳರಿಯಲ್ಲಿ ಕಲಿಸುತ್ತಲೇ ಇದ್ದರು. ಅಂದರೆ ದಾರಿ ಇದೆ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬದಲಿಸಬೇಕು ಅಂತ ಗೊತ್ತಿರಬೇಕು.

ಮೊದಲು ಡಾಕ್ಟರ್ ಹತ್ತಿರ ಏನು ಕೇಳಬೇಕು

"ನಾನು ವ್ಯಾಯಾಮ ಮಾಡಬಹುದಾ ಡಾಕ್ಟ್ರೇ" ಅಂತ ಕೇಳಿದರೆ ವಾಕಿಂಗ್ ಮಾಡಿ ಅನ್ನುವ ಉತ್ತರ ಸಿಗುತ್ತದೆ. ಬಿಡಿಸಿ ಹೇಳಿ. ಬರಿಗಾಲಲ್ಲಿ ಮ್ಯಾಟ್ ಮೇಲೆ ಮಾಡುತ್ತೀರಿ, ಒದೆಯುವುದಿದೆ, ಬೀಳುವುದಿದೆ, ಕುತ್ತಿಗೆ ಹಿಡಿಯುವುದಿದೆಯೋ ಇಲ್ಲವೋ, ತಲೆಗೆ ಏಟು ತಾಗಬಹುದೋ ಇಲ್ಲವೋ. ನೀವು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಪಟ್ಟಿಯೂ ಕೈಯಲ್ಲಿರಲಿ, ಯಾಕೆಂದರೆ ನಿಜವಾದ ಅಪಾಯ ಎಷ್ಟೋ ಸಲ ಅಲ್ಲಿರುತ್ತದೆ.

ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ, ಅಂದರೆ ವಾರ್ಫರಿನ್, ಅಪಿಕ್ಸಬಾನ್, ಕ್ಲೊಪಿಡೊಗ್ರೆಲ್ ಥರದ್ದು ನಡೀತಾ ಇದ್ದರೆ, ತಲೆಗೆ ಏಟು ಬೀಳುವ ಸ್ಪಾರಿಂಗ್ ಬೇಡವೇ ಬೇಡ. ವಯಸ್ಸಾದಂತೆ ಮೆದುಳು ಸ್ವಲ್ಪ ಕುಗ್ಗುತ್ತದೆ. ಆಗ ಮೆದುಳಿಗೂ ಅದರ ಹೊದಿಕೆಗೂ ನಡುವೆ ಇರುವ ಸಣ್ಣ ರಕ್ತನಾಳಗಳು ಎಳೆದುಕೊಂಡು ನಿಂತಿರುತ್ತವೆ, ಹಗುರವಾದ ಏಟಿಗೂ ಹರಿದುಹೋಗಬಹುದು. ರಕ್ತ ಒಳಗೊಳಗೇ ಸೇರಿಕೊಂಡು, ದಿನಗಳೋ ವಾರಗಳೋ ಕಳೆದ ಮೇಲೆ ತಲೆನೋವು, ಗೊಂದಲ, ನಡಿಗೆಯಲ್ಲಿ ಎಡವಟ್ಟು ಕಾಣಿಸಿಕೊಳ್ಳಬಹುದು. ಇಂಥ ಮಾತ್ರೆ ತೆಗೆದುಕೊಳ್ಳುವಾಗ ತಲೆಗೆ ಏಟು ಬಿದ್ದರೆ, ಏನೂ ಆಗಿಲ್ಲ ಅನ್ನಿಸಿದರೂ ಅವತ್ತೇ ಆಸ್ಪತ್ರೆಗೆ ಹೋಗಿ.

ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಅನ್ನುವ ಆಂಟಿಬಯಾಟಿಕ್‌ಗಳು ಟೆಂಡನ್‌ಗಳನ್ನು (ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಗಳನ್ನು), ಅದರಲ್ಲೂ ಹಿಮ್ಮಡಿಯ ಮೇಲಿನ ದಪ್ಪ ಟೆಂಡನ್ನನ್ನು ದುರ್ಬಲ ಮಾಡಬಹುದು. ಅರವತ್ತು ದಾಟಿದವರಿಗೆ, ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಈ ಅಪಾಯ ಹೆಚ್ಚು. ಕೋರ್ಸ್ ಮುಗಿದು ಕೆಲವು ವಾರಗಳಾದ ಮೇಲೂ ಹರಿಯಬಹುದು. ಆದ್ದರಿಂದ ಆ ಸಮಯದಲ್ಲಿ ಜಿಗಿತ, ಜಂಪಿಂಗ್ ಕಿಕ್ ಬೇಡ. ಹಿಮ್ಮಡಿಯ ಹಿಂದೆ ನೋವು ಶುರುವಾದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ತಿಳಿಸಿ.

ಬಿಪಿಗೆ ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆ ಇದ್ದರೆ ಎದೆಬಡಿತ ಏರುವುದೇ ಕಡಿಮೆ. ಹಾಗಾಗಿ ಎದೆಬಡಿತ ಗರಿಷ್ಠ ಎಷ್ಟಿರಬಹುದು ಅಂತ 220ರಿಂದ ವಯಸ್ಸು ಕಳೆದು ಮಾಡುವ ಲೆಕ್ಕ ನಂಬಬೇಡಿ. ಒಂದು ಪೂರ್ತಿ ವಾಕ್ಯ ಮಾತಾಡಲು ಆಗುತ್ತಿದೆಯಾ ನೋಡಿ. ಆಗುತ್ತಿದ್ದರೆ ಹದ ಸರಿಯಾಗಿದೆ, ಒಂದೆರಡು ಪದಕ್ಕೇ ಏದುಸಿರು ಬಂದರೆ ಜಾಸ್ತಿಯಾಯ್ತು. ಸಕ್ಕರೆ ಕಾಯಿಲೆ ಇರುವವರು ಕ್ಲಾಸ್ ಮುಗಿದ ಮೇಲೆ ಎರಡೂ ಅಂಗಾಲು ತಿರುಗಿಸಿ ನೋಡಲೇಬೇಕು. ಸ್ಪರ್ಶ ಕಡಿಮೆಯಾದ ಕಾಲಿಗೆ ಗಾಯವಾದದ್ದೇ ಗೊತ್ತಾಗುವುದಿಲ್ಲ. ಮುಟ್ಟು ನಿಂತ ಹೆಂಗಸರು ಮೂಳೆಯ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಬೇಕಾ ಅಂತ ಕೇಳಿ. ಮೂಳೆ ಸವೆದಿದ್ದರೆ ಎಸೆತ, ಉರುಳು, ಬಲವಂತವಾಗಿ ಮುಂದಕ್ಕೆ ಬಗ್ಗುವುದು ಬಿಡಬೇಕಾಗುತ್ತದೆ.

ನಿಧಾನ ಅನ್ನುವ ಸಲಹೆ ಅರ್ಧ ಮಾತ್ರ ಸರಿ

ವಯಸ್ಸಾದವರಿಗೆ ಎಲ್ಲರೂ ಹೇಳುವುದು ಒಂದೇ: ನಿಧಾನವಾಗಿ ಮಾಡಿ. ಇದನ್ನು ಪೂರ್ತಿ ಒಪ್ಪಬೇಡಿ. ವಯಸ್ಸಿನ ಜೊತೆ ಸ್ನಾಯುಗಳಲ್ಲಿ ಮೊದಲು ಮತ್ತು ಹೆಚ್ಚಾಗಿ ಸೊರಗುವುದು ಥಟ್ಟನೆ ಕೆಲಸ ಮಾಡುವ ಎಳೆಗಳು. ಶಕ್ತಿಗಿಂತ ಚುರುಕು ಬೇಗ ಹೋಗುತ್ತದೆ. ಕಾಲು ಎಡವಿದಾಗ ಇನ್ನೊಂದು ಕಾಲನ್ನು ಥಟ್ಟಂತ ಮುಂದಿಟ್ಟು ಉಳಿಸುವುದು ಅದೇ ಚುರುಕು ಅಲ್ವಾ? ಎಲ್ಲವನ್ನೂ ನಿಧಾನವಾಗಿ ಮಾಡುತ್ತಾ ಹೋದರೆ ಅದು ಇನ್ನೂ ಬೇಗ ಕೈಬಿಡುತ್ತದೆ.

ಹಾಗಾಗಿ ಪ್ರತಿ ಕ್ಲಾಸಿನಲ್ಲಿ ಸ್ವಲ್ಪ, ತುಂಬಾ ಸ್ವಲ್ಪ, ಪೂರ್ತಿ ವೇಗದ ಕೆಲಸ ಇರಲಿ. ಮೈ ಚೆನ್ನಾಗಿ ಬಿಸಿಯಾದ ಮೇಲೆ ಪ್ಯಾಡ್ ಮೇಲೆ ಐದು ಪಂಚ್, ನಿಮ್ಮಿಂದ ಆದಷ್ಟು ವೇಗವಾಗಿ. ಆಮೇಲೆ ಒಂದು ನಿಮಿಷ ಸುಮ್ನೆ ನಿಲ್ಲಿ. ಹೀಗೆ ಮೂರು ಸಲ ಸಾಕು. ವೇಗ ಇಳಿದಿದೆ ಅನ್ನಿಸಿದ ತಕ್ಷಣ ಮುಗಿಸಿ, ಸುಸ್ತಾದ ಮೇಲೆ ಮಾಡುವ ವೇಗದ ಕೆಲಸದಲ್ಲೇ ಪೆಟ್ಟಾಗುವುದು. ಗಾಳಿಯಲ್ಲಿ ಹೊಡೆಯುವಾಗ ಮೊಣಕೈಯನ್ನು ಪೂರ್ತಿ ನೇರ ಮಾಡಿ ಝಟ್ ಅಂತ ಲಾಕ್ ಮಾಡಬೇಡಿ, ಕೂದಲೆಳೆ ಮುಂಚೆ ನಿಲ್ಲಲಿ. ಭಾರದ ಬ್ಯಾಗ್‌ಗಿಂತ ಇನ್ನೊಬ್ಬರು ಹಿಡಿದ ಪ್ಯಾಡ್ ಮಣಿಕಟ್ಟಿಗೂ ಭುಜಕ್ಕೂ ಒಳ್ಳೆಯದು, ಏಟು ಬಿದ್ದಾಗ ಹಿಡಿದವರ ಕೈ ಸ್ವಲ್ಪ ಹಿಂದೆ ಸರಿಯುತ್ತದೆ. ಕಿಯಾಯ್, ಅಂದರೆ ಹೊಡೆಯುವಾಗ ಹಾಕುವ ಕೂಗು, ನಾಚಿಕೆಪಡದೆ ಜೋರಾಗಿಯೇ ಹಾಕಿ. ಉಸಿರು ಕಟ್ಟಿ ಬಲ ಹಾಕಿದರೆ ಬಿಪಿ ಒಮ್ಮೆಲೇ ಏರುತ್ತದೆ, ಕಿಯಾಯ್ ಹಾಕಿದರೆ ಉಸಿರು ತಾನಾಗಿ ಹೊರಗೆ ಬರುತ್ತದೆ.

65 ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ವೇಗದ ಚಟುವಟಿಕೆ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ, ಮೂರು ದಿನ ಸಮತೋಲನದ ಕೆಲಸ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಕ್ಲಾಸಿಗೆ ಹೋಗುವವರಿಗೆ ಇದರಲ್ಲಿ ಬಹುಪಾಲು ಅಲ್ಲೇ ಸಿಗುತ್ತದೆ. ಆದರೆ ಕರಾಟೆ, ಬಾಕ್ಸಿಂಗ್ ಮಾಡುವವರಿಗೆ ಒಂದು ಕೊರತೆ ಉಳಿಯುತ್ತದೆ: ಕೈ ಬಲ ಹಾಕುವುದೆಲ್ಲ ಮುಂದಕ್ಕೆ. ಭುಜ ಮುಂದಕ್ಕೆ ಬಾಗಿ ಕೊನೆಗೆ ನೋಯುತ್ತದೆ. ರಬ್ಬರ್ ಬ್ಯಾಂಡನ್ನು ಬಾಗಿಲ ಹಿಡಿಗೆ ಸಿಕ್ಕಿಸಿ ಹಿಂದಕ್ಕೆ ಎಳೆಯುವ ವ್ಯಾಯಾಮ ವಾರಕ್ಕೆ ಎರಡು ದಿನ ಮಾಡಿ. ಕುರ್ಚಿಯಿಂದ ಕೈ ಊರದೆ ಬೇಗ ಏಳುವುದು, ನಿಧಾನವಾಗಿ ಕೂರುವುದು, ಇದೂ ಸೇರಲಿ.

ಕಿಕ್ ಮತ್ತು ಮಂಡಿ

ವಾರ್ಮಪ್‌ಗೆ ಹದಿನೈದು ಇಪ್ಪತ್ತು ನಿಮಿಷ ಬೇಕು. ಕ್ಲಾಸಿನಲ್ಲಿ ಐದೇ ನಿಮಿಷ ಮಾಡಿಸುತ್ತಾರೆ ಅಂದರೆ ಬೇಗ ಹೋಗಿ ನೀವೇ ಶುರು ಮಾಡಿ. ಮೊದಲು ನಡಿಗೆ, ಸೊಂಟ ಮತ್ತು ಭುಜ ತಿರುಗಿಸುವುದು, ಆಮೇಲೆ ಕಾಲು ಹಗುರವಾಗಿ ಬೀಸುವುದು. ಎಳೆದು ಹಿಡಿದು ನಿಲ್ಲುವ ಸ್ಟ್ರೆಚ್ ಕ್ಲಾಸಿನ ಕೊನೆಗೆ ಇಟ್ಟುಕೊಳ್ಳಿ.

ಇನ್ನು ರೌಂಡ್‌ಹೌಸ್ ಕಿಕ್, ಅಂದರೆ ಸೊಂಟ ತಿರುಗಿಸಿ ಪಕ್ಕದಿಂದ ಬೀಸಿ ಒದೆಯುವುದು. ಇದರಲ್ಲಿ ಮಂಡಿ ಹೋಗುವುದು ಸಾಮಾನ್ಯವಾಗಿ ಒದೆಯುವ ಕಾಲಿನದಲ್ಲ, ನಿಂತ ಕಾಲಿನದು. ಮೆತ್ತನೆ ಮ್ಯಾಟ್ ಬರಿಗಾಲನ್ನು ಕಚ್ಚಿ ಹಿಡಿದುಕೊಳ್ಳುತ್ತದೆ. ಮೇಲೆ ಸೊಂಟ ತಿರುಗುತ್ತದೆ, ಕೆಳಗೆ ಪಾದ ತಿರುಗುವುದಿಲ್ಲ, ಆ ತಿರುಚು ಪೂರ್ತಿ ಮಂಡಿಯೊಳಗಿನ ಮೆನಿಸ್ಕಸ್ ಅನ್ನುವ ಮೆತ್ತೆಯ ಮೇಲೆ ಬೀಳುತ್ತದೆ. ಆದ್ದರಿಂದ ಕಿಕ್ಕನ್ನು ಬಿಡಿಸಿ ಮಾಡಿ. ಗೋಡೆಗೆ ಒಂದು ಕೈ ಊರಿ. ನಿಂತ ಕಾಲಿನ ಹಿಮ್ಮಡಿ ಸ್ವಲ್ಪ ಎತ್ತಿ, ಪಾದದ ಮುಂಭಾಗದ ಮೇಲೆ ತಿರುಗಿ, ಹಿಮ್ಮಡಿ ಗುರಿಯ ಕಡೆ ನೋಡುವಂತೆ ಮಾಡಿ. ಪಾದ ತಿರುಗಿದ ಮೇಲೆ ಒದೆಯುವ ಕಾಲಿನ ಮಂಡಿ ಎತ್ತಿ. ಅದಾದ ಮೇಲೆ ಮೊಣಕಾಲಿನಿಂದ ಕೆಳಗಿನ ಭಾಗ ಬಿಡಿ, ವಾಪಸ್ ಮಡಚಿ, ಕೆಳಗಿಡಿ. ಗೋಡೆಯ ಆಸರೆಯಲ್ಲಿ ಎರಡೂ ಕಡೆ ಇದು ಸಲೀಸಾಗುವ ತನಕ ಆಸರೆ ಬಿಡಬೇಡಿ.

ಎತ್ತರ? ತೊಡೆ, ಹೆಚ್ಚೆಂದರೆ ಸೊಂಟ. ತಲೆ ಎತ್ತರದ ಕಿಕ್ ಬಿಟ್ಟರೆ ನೀವು ಕಲಿತ ಕಲೆಯಲ್ಲಿ ಏನೂ ಕಡಿಮೆಯಾಗುವುದಿಲ್ಲ. ತೊಡೆಸಂದಿಯ ಮುಂಭಾಗದಲ್ಲಿ ಚಿವುಟಿದಂತೆ ನೋವಾದರೆ ಅದು ಬಿಗಿತ ಅಲ್ಲ, ಕೀಲು ಸಾಕು ಅನ್ನುತ್ತಿದೆ, ಸ್ಟ್ರೆಚ್ ಮಾಡಿ ಬಗ್ಗಿಸಲು ಹೋಗಬೇಡಿ. ಆಳವಾಗಿ ಕೂರುವ ನಿಲುವುಗಳನ್ನು ಒಂದು ಪಾದದಷ್ಟು ಚಿಕ್ಕದು ಮಾಡಿಕೊಳ್ಳಿ, ಮಂಡಿ ಕಾಲ್ಬೆರಳಿನ ದಿಕ್ಕಿಗೇ ಇರಲಿ. ಮಂಡಿಯೂರಿ ಕೂರಲು ಆಗದಿದ್ದರೆ ಕುರ್ಚಿ ಕೇಳಿ. ಒಳ್ಳೆಯ ಮಾಸ್ಟರ್ ಇಲ್ಲ ಅನ್ನುವುದಿಲ್ಲ.

ಬೀಳುವುದನ್ನು ಮಾತ್ರ ಬಿಡಬೇಡಿ

ಡಾಕ್ಟರ್ ಬೇಡ ಅನ್ನದಿದ್ದರೆ ಎಲ್ಲಕ್ಕಿಂತ ಹೆಚ್ಚು ಕಾಲ ಉಳಿಸಿಕೊಳ್ಳಬೇಕಾದ ಅಭ್ಯಾಸ ಇದೇ ಅಂತ ನನ್ನ ಅಭಿಪ್ರಾಯ. ವಯಸ್ಸಾದವರು ಬೀಳುವ ಪ್ರಮಾಣವನ್ನು ವ್ಯಾಯಾಮ ಸುಮಾರು 23% ಕಡಿಮೆ ಮಾಡುತ್ತದೆ ಅಂತ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಕಾಕ್ರೇನ್ ಅನ್ನುವ ವೈದ್ಯಕೀಯ ಸಂಶೋಧನಾ ಸಂಸ್ಥೆಯ 2019ರ ವಿಮರ್ಶೆ ಹೇಳಿತು. ಆದರೂ ಜನ ಬೀಳುತ್ತಾರೆ. ಬಿದ್ದಾಗ ಏನು ಮಾಡಬೇಕು ಅಂತ ಗೊತ್ತಿರುವುದು ಜೂಡೊ, ಐಕಿಡೊ, ಜುಜುತ್ಸು ಕಲಿತವರ ದೊಡ್ಡ ಆಸ್ತಿ.

ಎತ್ತರದಿಂದ ಬೀಳಬೇಕಾಗಿಲ್ಲ. ಮ್ಯಾಟ್ ಮೇಲೆ ಅಂಗಾತ ಮಲಗಿ, ಗಲ್ಲ ಎದೆಗೆ ತಾಗಿಸಿ, ನಿಮ್ಮ ಬೆಲ್ಟಿನ ಗಂಟು ನೋಡಿ. ತಲೆ ನೆಲಕ್ಕೆ ತಾಗದೇ ಇರುವುದು ಇದರಿಂದಲೇ. ಎರಡೂ ಕೈಯನ್ನು ಮೈಯಿಂದ ಸ್ವಲ್ಪ ದೂರಕ್ಕೆ, ಅಂಗೈ ಕೆಳಗೆ ಮಾಡಿ, ತೋಳಿನ ಸಮೇತ ಮ್ಯಾಟಿಗೆ ಬಡಿಯಿರಿ. ಆಮೇಲೆ ಕೂತಲ್ಲಿಂದ ಹಿಂದಕ್ಕೆ ಉರುಳಿ ಅದನ್ನೇ ಮಾಡಿ. ಆಮೇಲೆ ಕುಕ್ಕರಗಾಲಲ್ಲಿ ಕೂತು. ಅಷ್ಟು ಸಾಕು, ನಿಂತು ಬೀಳುವುದು ಬೇಕಾಗಿಲ್ಲ. ಯಾವ ಹಂತದಲ್ಲೂ ಕೈಯನ್ನು ಹಿಂದಕ್ಕೆ ಊರಬೇಡಿ, ಮಣಿಕಟ್ಟು ಮುರಿಯುವುದು ಹಾಗೆಯೇ, ಆ ಚಾಳಿ ಬಿಡಿಸಲೆಂದೇ ಇಷ್ಟೆಲ್ಲ ಅಭ್ಯಾಸ. ಮುಂದಕ್ಕೆ ಉರುಳುವವರು ಭುಜದಿಂದ ಎದುರು ಸೊಂಟಕ್ಕೆ ಓರೆಯಾಗಿ ಉರುಳಬೇಕು, ತಲೆಯ ಮೇಲೆ ಅಲ್ಲ. ಕುತ್ತಿಗೆ ನೋವಿದ್ದರೆ, ಕೈಗೆ ಜೋಮು ಬರುತ್ತಿದ್ದರೆ ಉರುಳು ಬೇಡ.

ಏಳುವುದನ್ನೂ ಅಷ್ಟೇ ಗಮನ ಕೊಟ್ಟು ಮಾಡಿ. ಪಕ್ಕಕ್ಕೆ ಹೊರಳಿ, ಕೈ ಊರಿ, ಒಂದು ಮಂಡಿಯ ಮೇಲೆ ಬಂದು, ಅಲ್ಲಿ ಎರಡು ಉಸಿರು ನಿಂತು, ಆಮೇಲೆ ಏಳಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರು ಒಮ್ಮೆಲೇ ಎದ್ದರೆ ಕಣ್ಣು ಕತ್ತಲೆ ಬರಬಹುದು.

ಯಾರ ಜೊತೆ, ಎಷ್ಟು

ಸ್ಪಾರಿಂಗ್‌ನಲ್ಲಿ ಪೆಟ್ಟಾಗುವುದು ಬಿಡುವುದು ಹೆಚ್ಚಾಗಿ ಜೊತೆಗಾರನ ಮೇಲೆ ನಿಂತಿದೆ. ಬ್ಲ್ಯಾಕ್ ಬೆಲ್ಟ್‌ಗೆ ಹೆದರಬೇಡಿ, ಅವರಿಗೆ ಕೈ ತಡೆಯಲು ಬರುತ್ತದೆ. ನಿಜವಾದ ಅಪಾಯ ಹೊಸದಾಗಿ ಸೇರಿದ, ಮೈಯಲ್ಲಿ ಬಲ ತುಂಬಿದ ಹುಡುಗ, ಎಷ್ಟು ಜೋರಾಗಿ ಹೊಡೆಯುತ್ತಿದ್ದೇನೆ ಅಂತ ಅವನಿಗೇ ಗೊತ್ತಿರುವುದಿಲ್ಲ. ಸುತ್ತು ಶುರುವಾಗುವ ಮುಂಚೆ ಬಾಯಿಬಿಟ್ಟು ಹೇಳಿ: "ತಲೆಗೆ ಬೇಡ, ಬಲ ಮಂಡಿಗೆ ಬೇಡ, ಅರ್ಧ ವೇಗ." ಹೇಳಿದರೂ ಕೇಳದವರ ಜೊತೆ ಬಗ್ಗಿ ನಮಸ್ಕರಿಸಿ ಹೊರಗೆ ಬನ್ನಿ. ಜುಜುತ್ಸುವಿನಲ್ಲಿ ಕೂತೇ ಶುರು ಮಾಡಿ, ಕುತ್ತಿಗೆ ತಿರುಚುವ ಪಟ್ಟು, ಹಿಮ್ಮಡಿ ಹಿಡಿದು ಮಂಡಿ ತಿರುಚುವ ಹೀಲ್ ಹುಕ್ ಬಿಟ್ಟುಬಿಡಿ, ನೋವು ಬರುವ ಮುಂಚೆ ಟ್ಯಾಪ್ ಮಾಡಿ, ಅಂದರೆ ಕೈ ತಟ್ಟಿ ಸಾಕು ಅಂತ ತಿಳಿಸಿ. ಸ್ಪರ್ಧೆಯ ಆಸೆ ಇದ್ದರೆ ಜೂಡೊದಲ್ಲಿ 30 ದಾಟಿದವರಿಗೆ ವಯಸ್ಸಿನ ಗುಂಪುಗಳ ವೆಟರನ್ಸ್ ಪಂದ್ಯಗಳಿವೆ, ಬ್ರೆಜಿಲಿಯನ್ ಜುಜುತ್ಸುವಿನಲ್ಲಿ 61 ದಾಟಿದವರಿಗೆ ಬೇರೆಯೇ ವಿಭಾಗವಿದೆ.

ವಾರಕ್ಕೆ ಎರಡು ಕ್ಲಾಸ್, ನಡುವೆ ಕನಿಷ್ಠ ಒಂದು ದಿನ ಬಿಡುವು. ಉಳಿದ ದಿನ ಮನೆಯಲ್ಲಿ ಹತ್ತು ನಿಮಿಷ, ಒಂದು ಕಟಾ, ಒಂಟಿ ಕಾಲಲ್ಲಿ ನಿಲ್ಲುವುದು. ಹಳೆಯ ಕಟಾವನ್ನೇ ತಿರುಗಿಸುತ್ತಾ ಕೂರದೆ ಹೊಸದೊಂದನ್ನು ಕಲಿಯುತ್ತಿರಿ, ಇಲ್ಲವೇ ಜೊತೆಗೆ ತೈ ಚಿ ಸೇರಿಸಿ. 1956ರಲ್ಲಿ ಚೀನಾದಲ್ಲಿ ಎಲ್ಲರಿಗೂ ಸುಲಭವಾಗಲಿ ಅಂತ ರೂಪಿಸಿದ 24 ಭಂಗಿಗಳ ಸರಣಿ ಶುರುಮಾಡಲು ಚೆನ್ನಾಗಿದೆ. ತೈ ಚಿ ಮುದುಕರ ಆಟ ಅಂತ ತಳ್ಳಿಹಾಕಬೇಡಿ, ತೂಕವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸುವುದನ್ನು ಅದರಷ್ಟು ಚೆನ್ನಾಗಿ ಕಲಿಸುವುದು ಕಡಿಮೆ. ಊಟದಲ್ಲಿ ಪ್ರೋಟೀನ್ ದಿನಕ್ಕೆ ಕೆಜಿ ತೂಕಕ್ಕೆ 1ರಿಂದ 1.2 ಗ್ರಾಂ ಸಿಗುವಂತೆ ನೋಡಿಕೊಳ್ಳಿ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳಿಯೇ ನಿರ್ಧರಿಸಿ.

ಜಾಸ್ತಿಯಾಯ್ತಾ ಅಂತ ತಿಳಿಯಲು ಮರುದಿನ ಬೆಳಗ್ಗೆ ನೋಡಿಕೊಳ್ಳಿ. ತೊಡೆ, ಮೀನಖಂಡ ನೋಯುತ್ತಿದ್ದರೆ ಪರವಾಗಿಲ್ಲ, ಎರಡು ದಿನದಲ್ಲಿ ಹೋಗುತ್ತದೆ. ಕೀಲು ಊದಿಕೊಂಡಿದ್ದರೆ, ನಿನ್ನೆಗಿಂತ ಜಾಸ್ತಿ ನೋಯುತ್ತಿದ್ದರೆ ಮುಂದಿನ ಕ್ಲಾಸಿನಲ್ಲಿ ಅರ್ಧಕ್ಕೆ ಇಳಿಸಿ. ಎದೆ ಹಿಡಿದಂತಾದರೆ, ಎಡಗೈ ಅಥವಾ ದವಡೆಗೆ ನೋವು ಹರಡಿದರೆ, ಕ್ಲಾಸ್ ಮುಗಿಯಲಿ ಅಂತ ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆ.

ಜ್ವರ, ಆಪರೇಷನ್, ಊರಿಗೆ ಹೋಗಿದ್ದು, ಏನೋ ಒಂದು ಕಾರಣಕ್ಕೆ ತಿಂಗಳುಗಟ್ಟಲೆ ಬಿಟ್ಟಿರುತ್ತೀರಿ. ವಾಪಸ್ ಬಂದಾಗ ತಲೆಗೆ ಎಲ್ಲ ನೆನಪಿರುತ್ತದೆ, ಟೆಂಡನ್‌ಗಳು ಮಾತ್ರ ತಯಾರಿರುವುದಿಲ್ಲ, ಅವು ಸ್ನಾಯುಗಳಿಗಿಂತ ನಿಧಾನವಾಗಿ ಗಟ್ಟಿಯಾಗುತ್ತವೆ. ಮೊದಲ ಎರಡು ವಾರ ಸಮಯವೂ ಅರ್ಧ, ಬಲವೂ ಅರ್ಧ. ಮೊದಲು ನಿಲುವು ಮತ್ತು ಕಟಾ, ಆಮೇಲೆ ಪ್ಯಾಡ್, ಆಮೇಲೆ ಮಲಗಿದಲ್ಲಿಂದ ಶುರುಮಾಡಿ ಬೀಳುವ ಅಭ್ಯಾಸ. ಸ್ಪಾರಿಂಗ್ ಎಲ್ಲಕ್ಕಿಂತ ಕೊನೆಗೆ, ಅದೂ ಮೊದಲ ದಿನ ಎರಡು ನಿಮಿಷದ ಒಂದೇ ಸುತ್ತು, ನಿಮ್ಮ ಮೈ ಬಲ್ಲ ಹಳೆಯ ಜೊತೆಗಾರರ ಜೊತೆ.